ಎಷ್ಟು ಕಿಲೋ ಏರಬೇಕು ಬಸುರಿ?

‘ಇಬ್ಬರ ಊಟ ಉಣ್ಣು’ ಎಂಬ ಮಾತು ಸಣಕಲು ಹೆಣ್ಣಿಗೂ ಮೈತುಂಬಿದ ಹೆಣ್ಣಿಗೂ ಒಂದೇ ಆಗಲಾರದು. ಮಗುವಿನ ಬೊಜ್ಜು, ಸಕ್ಕರೆ ಕಾಯಿಲೆಗಳ ಬೇರು ಎಷ್ಟೋ ಸಲ ಗರ್ಭದಲ್ಲೇ ಇರುತ್ತದೆ. ಜಗತ್ತಿಗೆ ಇದನ್ನು ತೋರಿಸಿಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ತಿಂಗಳ 9ನೇ ತಾರೀಖು. ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಬೆಳಗ್ಗೆ ಹತ್ತು ಗಂಟೆಗೇ ಬಸುರಿಯರ ಸಾಲು. ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುವ ದಿನ ಅದು. ಕೈಯಲ್ಲಿ ತಾಯಿ ಕಾರ್ಡು, ಪಕ್ಕದಲ್ಲಿ ಅಮ್ಮ ಇಲ್ಲವೇ ಅತ್ತೆ, ಅಂಗಳದಾಚೆ ಬೈಕಿಗೆ ಒರಗಿ ನಿಂತ ಗಂಡ. ಚಪ್ಪಲಿ ಬಿಟ್ಟು, ವ್ಯಾನಿಟಿ ಬ್ಯಾಗನ್ನು ಪಕ್ಕದವರ ಕೈಗೆ ಕೊಟ್ಟು ಒಬ್ಬೊಬ್ಬರಾಗಿ ತೂಕದ ಯಂತ್ರ ಹತ್ತುತ್ತಾರೆ.

‘ನಲವತ್ತೊಂದು. ಇನ್ನೂ ನಲವತ್ತೊಂದೇ ಏನಮ್ಮ? ಚೆನ್ನಾಗಿ ತಿನ್ಬೇಕು’ ಎನ್ನುತ್ತಾ ಸಿಸ್ಟರ್ ಬರೆದುಕೊಳ್ಳುತ್ತಾರೆ. ಮುಂದಿನವಳು ಹತ್ತಿದರೆ ಮುಳ್ಳು ಎಪ್ಪತ್ತಕ್ಕೆ ಹೋಗಿ ನಿಲ್ಲುತ್ತದೆ. ಸಿಸ್ಟರ್ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದ ಅತ್ತೆಯ ದೂರು: ‘ಇವಳೂ ಅಷ್ಟೇ ಸಿಸ್ಟರ್, ಸರಿಯಾಗಿ ಉಣ್ಣೋದೇ ಇಲ್ಲ. ಇಬ್ಬರ ಊಟ ಉಣ್ಬೇಕು ಅಂತ ನೀವಾದ್ರೂ ಹೇಳಿ.’

ನಮ್ಮ ರಾಜ್ಯದ ಯಾವ ತಾಲ್ಲೂಕಿಗೆ ಹೋದರೂ ಈ ಸಾಲು ಹೀಗೇ ಇರುತ್ತದೆ. ನಲವತ್ತೊಂದು ಕಿಲೋದವಳೂ ಎಪ್ಪತ್ತು ಕಿಲೋದವಳೂ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಇಬ್ಬರಿಗೂ ಮನೆಯಲ್ಲಿ ಸಿಗುವ ಬುದ್ಧಿಮಾತು ಒಂದೇ, ಸೀಮಂತದ ದಿನ ಎಲೆಗೆ ಬೀಳುವ ಹೋಳಿಗೆಯೂ ಒಂದೇ.

ಸೆಪ್ಟೆಂಬರ್ ಬಂತೆಂದರೆ ಪೋಷಣ್ ಮಾಸ. ಅಂಗನವಾಡಿಗಳ ಗೋಡೆಯ ಮೇಲೆ ಸೊಪ್ಪು, ಮೊಟ್ಟೆ, ಹಾಲಿನ ಚಿತ್ರಗಳು ಏರುತ್ತವೆ. ರಕ್ತಹೀನತೆಯ ಬಗ್ಗೆ, ಕಡಿಮೆ ತೂಕದ ಕೂಸುಗಳ ಬಗ್ಗೆ ಮಾತಾಗುತ್ತದೆ, ಆಗಲೇಬೇಕು. ಆದರೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಹೆಣ್ಣುಮಗಳ ಬಗ್ಗೆ ನಾವು ಇನ್ನೂ ಬಾಯಿಬಿಟ್ಟು ಮಾತಾಡುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–20ರ ಹೊತ್ತಿಗೆ, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 30ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಅದಕ್ಕೂ ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ 23 ಇತ್ತು. ಐದನೇ ಸುತ್ತಿನಲ್ಲೇ ಶೇ 17ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ತೆಳ್ಳಗಿದ್ದರು. ಎರಡೂ ಒಂದೇ ರಾಜ್ಯದ ಕಥೆ. ಎಷ್ಟೋ ಕಡೆ ಒಂದೇ ಬೀದಿಯ ಕಥೆ.

ಮಿಷನ್ ಆಸ್ಪತ್ರೆಯ ಲೆಡ್ಜರುಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಿಂದ ಒಂದು ಆಸ್ಪತ್ರೆ ಇದೆ. ಪೂರ್ತಿ ಹೆಸರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿನ ಹೆರಿಗೆ ವಾರ್ಡಿನಲ್ಲಿ ಒಂದು ಶಿಸ್ತು ನಡೆದುಬಂತು. ಕೂಸು ಹುಟ್ಟಿದೊಡನೆ ಅದರ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಾಯಿಯ ತೂಕ, ಸೊಂಟದ ಮೂಳೆಯ ಅಗಲವೂ ಅದರಲ್ಲೇ ದಾಖಲಾಗುತ್ತಿತ್ತು. ಆ ಕಾಲದ ಭಾರತದಲ್ಲಿ ಇಷ್ಟು ವಿವರ ಬರೆದಿಟ್ಟ ಆಸ್ಪತ್ರೆಗಳು ತೀರಾ ಅಪರೂಪ.

ಆ ಪುಸ್ತಕಗಳ ಬೆಲೆ ತಿಳಿದದ್ದು 1990ರ ದಶಕದಲ್ಲಿ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯ ವಿಜ್ಞಾನಿ, ಹುಟ್ಟುವಾಗ ಕಡಿಮೆ ತೂಕವಿದ್ದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಎಂದು ಹೇಳಿ ವೈದ್ಯಲೋಕದಲ್ಲಿ ದೊಡ್ಡ ವಾದವನ್ನೇ ಎಬ್ಬಿಸಿದ್ದರು. ಈ ಮಾತು ಭಾರತಕ್ಕೂ ಸಲ್ಲುತ್ತದೆಯೇ ಎಂದು ನೋಡಲು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿಗೆ ಬಂದರು. ಪುಸ್ತಕದಲ್ಲಿ ಕೂಸಾಗಿ ದಾಖಲಾಗಿದ್ದವರು ಆ ಹೊತ್ತಿಗೆ ನಲವತ್ತು ದಾಟಿದ ಗೃಹಸ್ಥರು. ಅವರನ್ನು ಹುಡುಕಿ ಕರೆತಂದು ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು.

ಹೃದಯದ ವಿಷಯದಲ್ಲಿ ಬಾರ್ಕರ್ ಮಾತು ಮೈಸೂರಿನಲ್ಲೂ ನಿಜವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಯಾರೂ ಎಣಿಸದ ಕಡೆಗೆ ತಿರುಗಿತು. ಎರಡು ವರ್ಷಗಳ ನಂತರ ಬಂದ ವರದಿಯ ಪ್ರಕಾರ, ಮೈಸೂರಿನಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರು ಆ ಕಾಲದ ಸರಾಸರಿಗಿಂತ ಹೆಚ್ಚು ತೂಕದವರು. ಅಮ್ಮ ತೂಕದವಳು, ಕೂಸು ಗುಂಡುಗುಂಡಗೆ. ಹೆರಿಗೆ ಮನೆಯಲ್ಲಿ ಎಲ್ಲರೂ ಹಿಗ್ಗಿದ್ದ ಜೋಡಿಯದು. ಕಾಯಿಲೆ ಬಂದು ಕೂತದ್ದು ಅಲ್ಲೇ.

ಪಾರ್ಥೆನಾನ್ ಮಕ್ಕಳು

ಹಳೆಯ ಪುಸ್ತಕದಿಂದ ಎದ್ದ ಪ್ರಶ್ನೆಗೆ ಉತ್ತರ ಬೇಕಿದ್ದರೆ ಹೊಸ ಬಸುರಿಯರನ್ನು ನೋಡಬೇಕಿತ್ತು. 1997–98ರಲ್ಲಿ ಅದೇ ಆಸ್ಪತ್ರೆಗೆ ತಪಾಸಣೆಗೆ ಬಂದ 800ಕ್ಕೂ ಹೆಚ್ಚು ಗರ್ಭಿಣಿಯರಿಗೆ 30ನೇ ವಾರದ ಸುಮಾರಿಗೆ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡಲಾಯಿತು. ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಎಂದು ಇದಕ್ಕೆ ಹೆಸರು. ಶೇ 6ರಷ್ಟು ಮಂದಿಯಲ್ಲಿ ಗರ್ಭಾವಸ್ಥೆಯ ಮಧುಮೇಹ ಪತ್ತೆಯಾಯಿತು.

ಆಮೇಲೆ ಹುಟ್ಟಿದ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ತಂಡ ವರ್ಷದಿಂದ ವರ್ಷಕ್ಕೆ ಬಿಡದೆ ಅಳೆಯುತ್ತಾ ಬಂದರು. ತೋಳಿನ ಹಿಂಭಾಗದ, ಬೆನ್ನಿನ ರೆಕ್ಕೆಮೂಳೆಯ ಕೆಳಗಿನ ಚರ್ಮವನ್ನು ಹೆಬ್ಬೆರಳು ತೋರುಬೆರಳ ನಡುವೆ ಮಡಿಕೆಯಾಗಿ ಎತ್ತಿ ಹಿಡಿದು, ಕ್ಯಾಲಿಪರ್ ಎಂಬ ಚಿಮಟದಂಥ ಸಾಧನದಿಂದ ಅದರ ದಪ್ಪ ನೋಡುತ್ತಾರೆ. ತಕ್ಕಡಿ ಹೇಳದ ಸಂಗತಿಯನ್ನು ಅದು ಹೇಳುತ್ತದೆ. ತೂಕ ಮೂಳೆ, ಮಾಂಸದ್ದೂ ಇರಬಹುದು. ಚರ್ಮದಡಿಯ ಮಡಿಕೆಯಲ್ಲಿ ಸಿಗುವುದು ಕೊಬ್ಬು.

ಮೈಸೂರಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ತೂಕ, ಉದ್ದ, ತಲೆ ಎಲ್ಲದರಲ್ಲೂ ಸಣ್ಣವು. ಬೆನ್ನಿನ ಆ ಮಡಿಕೆಯ ದಪ್ಪದಲ್ಲಿ ಮಾತ್ರ ಅವಕ್ಕೆ ಸರಿಸಮ! ಮಾಂಸಖಂಡದಲ್ಲಿ ಬಡತನ, ಕೊಬ್ಬಿನಲ್ಲಿ ಯಾವ ಕೊರತೆಯೂ ಇಲ್ಲ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ 1993ರಿಂದ ತಾಯಂದಿರನ್ನು ಅಭ್ಯಾಸ ಮಾಡಿದ ಡಾ. ಚಿತ್ತರಂಜನ್ ಯಾಜ್ಞಿಕ್ ಕೂಡ ಇದನ್ನೇ ಕಂಡರು. ಅಲ್ಲಿನ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನ ಶಿಶುಗಳದ್ದು 3.5 ಕಿಲೋ. ‘ಸಣಕಲು ದೇಹದ ಕೊಬ್ಬಿನ ಕೂಸು’ ಎಂಬ ಅವರ ವಿವರಣೆ ಇಂದು ಜಗತ್ತಿನ ವೈದ್ಯ ಪುಸ್ತಕಗಳನ್ನು ಸೇರಿದೆ.

ಮೈಸೂರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳು ಹುಟ್ಟುವಾಗಲೇ ದೊಡ್ಡವು. ಐದನೇ ವಯಸ್ಸಿಗೆ ಅವರ ಹೆಣ್ಣುಮಕ್ಕಳ ಮೈಯಲ್ಲಿ ಓರಗೆಯವರಿಗಿಂತ ಹೆಚ್ಚು ಕೊಬ್ಬಿತ್ತು. ಒಂಬತ್ತೂವರೆ ವರ್ಷಕ್ಕೆ ಅಳೆದಾಗ ಆ ಅಂತರ ಇನ್ನಷ್ಟು ಹಿಗ್ಗಿತ್ತು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಆಗಲೇ ಶುರುವಾಗಿತ್ತು. ನಾಲ್ಕನೇ ಕ್ಲಾಸಿನ ಮಕ್ಕಳು ಅವರು.

---

ಒಂದೇ ಬಿಎಂಐ, ಎರಡು ದೇಹ

*2004ರಲ್ಲಿ ‘ಲ್ಯಾನ್ಸೆಟ್’ ಒಂದು ಫೋಟೊ ಅಚ್ಚು ಹಾಕಿತು. ಪಕ್ಕಪಕ್ಕ ನಿಂತವರು ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಒಬ್ಬರದು ಶೇ 9.1, ಇನ್ನೊಬ್ಬರದು ಶೇ 21.2. ಹೆಚ್ಚು ಕೊಬ್ಬಿದ್ದದ್ದು ಭಾರತೀಯ ವೈದ್ಯರಿಗೆ. ಏಷ್ಯಾದವರ ಅಪಾಯದ ಗಡಿ 25ರ ಬದಲು 23ಕ್ಕೇ ಶುರುವಾಗಬೇಕು ಎಂದು ತಜ್ಞರು ಹೇಳುವುದು ಇದಕ್ಕಾಗಿಯೇ.*

---

ಗರ್ಭದೊಳಗಿನ ಲೆಕ್ಕ

ಅಮ್ಮನ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಅಮ್ಮನ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಹೆಚ್ಚು ಬಂದಾಗ ಅದನ್ನು ನಿಭಾಯಿಸಲು ಮಗುವಿನ ಪುಟ್ಟ ಮೇದೋಜೀರಕ ತಾನೇ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಇನ್ಸುಲಿನ್ ಇರುವಲ್ಲಿ ಸಕ್ಕರೆ ಕೊಬ್ಬಾಗಿ ಕೂರುತ್ತದೆ. ಡೆನ್ಮಾರ್ಕಿನ ಯೋರ್ಗೆನ್ ಪೆಡರ್ಸನ್ 1950ರ ದಶಕದಲ್ಲೇ ಹೇಳಿದ ಮಾತಿದು. 2008ರಲ್ಲಿ ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರ ಅಧ್ಯಯನ ಅದನ್ನು ಗಟ್ಟಿ ಮಾಡಿತು. ಮಧುಮೇಹ ಎಂದು ಹೆಸರಿಡುವಷ್ಟು ಏರದಿದ್ದರೂ, ಅಮ್ಮನ ಸಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಮಗುವಿನ ಮೈಕೊಬ್ಬೂ ಏರುತ್ತದೆ.

ಹಾಗಾದರೆ ಹಸಿವು ಒಳ್ಳೆಯದೇ? ಖಂಡಿತ ಅಲ್ಲ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಹಾಲೆಂಡಿನ ಜನ ಹಸಿವಿನಿಂದ ತತ್ತರಿಸಿದರು. ಆಗ ಗರ್ಭದಲ್ಲಿದ್ದ ಗಂಡುಮಕ್ಕಳು 19ನೇ ವಯಸ್ಸಿನಲ್ಲಿ ಕಡ್ಡಾಯ ಸೇನಾ ತಪಾಸಣೆಗೆ ಬಂದಾಗಿನ ದಾಖಲೆಗಳನ್ನು 1976ರಲ್ಲಿ ಜೋಡಿಸಿ ನೋಡಲಾಯಿತು. ಗರ್ಭದ ಮೊದಲ ಅರ್ಧದಲ್ಲಿ ಹಸಿವು ಕಂಡವರಲ್ಲಿ ಬೊಜ್ಜು ಹೆಚ್ಚಾಗಿತ್ತು. ದೆಹಲಿಯಲ್ಲಿ ಹುಟ್ಟಿನಿಂದ ಮೂವತ್ತರ ವಯಸ್ಸಿನ ತನಕ ಹಿಂಬಾಲಿಸಿದ ಸುಮಾರು 1,500 ಜನರ ಅಧ್ಯಯನವೂ ಇದಕ್ಕೆ ಹತ್ತಿರದ್ದನ್ನೇ ಹೇಳುತ್ತದೆ. ಎರಡು ವರ್ಷದವರೆಗೆ ಸಣಕಲಾಗಿದ್ದು, ಅಲ್ಲಿಂದ ಹನ್ನೆರಡರವರೆಗೆ ಬಿರಬಿರನೆ ಮೈ ತುಂಬಿಕೊಂಡವರೇ ಮುಂದೆ ಸಕ್ಕರೆ ಕಾಯಿಲೆಗೆ ಹೆಚ್ಚು ಸಿಕ್ಕಿದವರು.

ಗರ್ಭದಲ್ಲಿ ಕೊರತೆ, ಹೊರಗೆ ಬಂದ ಮೇಲೆ ಬಿಸ್ಕತ್ತು, ಕುರುಕಲು, ಮೊಬೈಲು. ಭಾರತದ ಮಗುವಿಗೆ ಈ ದಾರಿ ಹಾಲೆಂಡಿನಷ್ಟು ದೂರದ್ದಲ್ಲ. 1990ರಲ್ಲಿ ನಮ್ಮ ದೇಶದಲ್ಲಿ 5ರಿಂದ 19 ವರ್ಷದ ಬೊಜ್ಜಿನ ಮಕ್ಕಳು ಸುಮಾರು 4 ಲಕ್ಷ ಎಂಬ ಅಂದಾಜಿತ್ತು. 2022ರ ಅಂದಾಜು 1 ಕೋಟಿ 25 ಲಕ್ಷ.

ಕಿಲೋಗಳ ಮೇಲೆ ಎಷ್ಟು ಭಾರ ಹೊರಿಸಬೇಕು?

ಗರ್ಭಿಣಿ ಎಷ್ಟು ತೂಕ ಏರಿಸಿಕೊಳ್ಳಬೇಕು ಎಂಬುದರ ಬಗ್ಗೆ ವೈದ್ಯರ ಮಾತು ನೂರು ವರ್ಷದಲ್ಲಿ ಹಲವು ಸಲ ಬದಲಾಗಿದೆ. ಹೆರಿಗೆ ಸಲೀಸಾಗಲಿ, ಬಿಪಿ ಏರದಿರಲಿ ಎಂದು ಪಶ್ಚಿಮದ ವೈದ್ಯರು ಬಹುಕಾಲ ಬಸುರಿಯರ ತಟ್ಟೆಗೆ ಕಡಿವಾಣ ಹಾಕುತ್ತಿದ್ದರು. ಕೂಸುಗಳು ಸಣ್ಣಗೆ ಹುಟ್ಟಿ ಸಾಯುತ್ತಿರುವುದು ಗೊತ್ತಾದ ಮೇಲೆ 1970ರಲ್ಲಿ ಅಮೆರಿಕ ಆ ಕಡಿವಾಣ ಸಡಿಲಿಸಿತು. 1990ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೆಣ್ಣಿನ ಬಿಎಂಐ ನೋಡಿ ಬೇರೆಬೇರೆ ಗುರಿ ಕೊಟ್ಟಿತು. 2009ರಲ್ಲಿ ಅದನ್ನು ತಿದ್ದಿತು. ಇಂದಿಗೂ ಜಗತ್ತಿನ ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಅದೇ.

---

ಎಲ್ಲಿಂದ ಶುರು, ಎಲ್ಲಿಗೆ ಮುಗಿತಾಯ

*ಗರ್ಭ ನಿಲ್ಲುವ ಮೊದಲಿನ ಬಿಎಂಐ ಮತ್ತು ಒಟ್ಟು ಏರಬಹುದಾದ ತೂಕ (ಅಮೆರಿಕದ 2009ರ ಮಾರ್ಗಸೂಚಿ, ಒಂದೇ ಮಗುವಿದ್ದಾಗ):*

*18.5ಕ್ಕಿಂತ ಕಡಿಮೆ: 12.5–18 ಕಿಲೋ*
*18.5ರಿಂದ 24.9: 11.5–16 ಕಿಲೋ*
*25ರಿಂದ 29.9: 7–11.5 ಕಿಲೋ*
*30 ಮತ್ತು ಮೇಲೆ: 5–9 ಕಿಲೋ*

*ಭಾರತದ ವೈದ್ಯರು ಸಾಧಾರಣ ಮೈಕಟ್ಟಿನ ಹೆಂಗಸರಿಗೆ 10–12 ಕಿಲೋ ಎನ್ನುವುದು ರೂಢಿ. ನಿಮ್ಮ ಲೆಕ್ಕವನ್ನು ನಿಮ್ಮ ವೈದ್ಯರ ಜೊತೆ ಕೂತೇ ಮಾಡಿ.*

---

ಈ ಮಿತಿ ದಾಟಿದವರ ಮಕ್ಕಳಲ್ಲಿ ಬೊಜ್ಜು ಹೆಚ್ಚು ಎಂದು ಅಧ್ಯಯನದ ಮೇಲೆ ಅಧ್ಯಯನ ಹೇಳಿದೆ. ಆದರೆ ಒಂದು ಅನುಮಾನ ಉಳಿದೇ ಇತ್ತು. ಅಮ್ಮನ ವಂಶವಾಹಿ, ಮನೆಯ ಅಡುಗೆ, ಅಭ್ಯಾಸ ಎಲ್ಲವೂ ಮಗುವಿಗೂ ಬರುತ್ತವೆ. ಹಾಗಿರುವಾಗ ತಪ್ಪು ಆ ಒಂಬತ್ತು ತಿಂಗಳ ಕಿಲೋಗಳದ್ದೇ ಎಂದು ಹೇಗೆ ಹೇಳುವುದು?

ಅದಕ್ಕೆ ಅಮೆರಿಕದ ಡೇವಿಡ್ ಲುಡ್‌ವಿಗ್ ಮತ್ತು ಸಂಗಡಿಗರು ಒಡಹುಟ್ಟಿದವರನ್ನು ಹೋಲಿಸಿದರು. ಅದೇ ಅಮ್ಮ, ಅದೇ ಮನೆ. ಮೊದಲ ಬಸಿರಿನಲ್ಲಿ ಕಡಿಮೆ ತೂಕ, ಎರಡನೆಯದರಲ್ಲಿ ಹೆಚ್ಚು. ಅರ್ಕನ್ಸಾ ರಾಜ್ಯದ 42,000 ತಾಯಂದಿರ 91,000 ಮಕ್ಕಳ ಶಾಲಾ ದಾಖಲೆ ಸಿಕ್ಕಿತು. 2013ರಲ್ಲಿ ಬಂದ ಉತ್ತರ ಇದು: ಪರಿಣಾಮ ನಿಜ, ಆದರೆ ಸಣ್ಣದು. ಅತಿ ಕಡಿಮೆ ಮತ್ತು ಅತಿ ಹೆಚ್ಚು ಏರಿದವರ ನಡುವೆ 18 ಕಿಲೋ ಅಂತರವಿದ್ದರೂ, ಹನ್ನೆರಡರ ಮಗುವಿನ ಬಿಎಂಐನಲ್ಲಿ ಅದು ತಂದ ವ್ಯತ್ಯಾಸ 0.43. ಐದಡಿಗೆ ತುಸು ಕಡಿಮೆ ಎತ್ತರದ ಮಗುವಿನಲ್ಲಿ ಅದು ಹೆಚ್ಚೂಕಡಿಮೆ ಒಂದು ಕಿಲೋ.

ಒಂದು ಮಗುವಿಗೆ ಒಂದು ಕಿಲೋ ದೊಡ್ಡದಲ್ಲ. ಕೋಟಿ ಮಕ್ಕಳಿರುವ ದೇಶಕ್ಕೆ ದೊಡ್ಡದು. ಎರಡೂ ಮಾತನ್ನು ಒಟ್ಟಿಗೆ ಹೇಳಬೇಕು. ಬರೀ ಎರಡನೆಯದನ್ನು ಹೇಳುತ್ತಾ ಹೋದರೆ ಮಗು ದಪ್ಪಗಾದಾಗಲೆಲ್ಲ ತಾಯಿಯತ್ತ ಬೆರಳು ತೋರಿಸುವ ಚಟ ಬೆಳೆಯುತ್ತದೆ. ಸೊಸೆ ತಿಂದದ್ದನ್ನೂ ತಿನ್ನದೇ ಇದ್ದದ್ದನ್ನೂ ಲೆಕ್ಕ ಇಡುವ ಮನೆಗಳು ನಮ್ಮಲ್ಲಿ ಈಗಲೇ ಸಾಕಷ್ಟಿವೆ. ಅವುಗಳ ಕೈಗೆ ವಿಜ್ಞಾನದ ಹೆಸರಿನಲ್ಲಿ ಇನ್ನೊಂದು ಕೋಲು ಕೊಡುವುದು ಅನ್ಯಾಯ.

ಗರ್ಭ ನಿಂತ ಮೇಲೆ ಊಟ, ವ್ಯಾಯಾಮ ತಿದ್ದಲು ಹೊರಟ ದೊಡ್ಡ ಪ್ರಯೋಗಗಳ ಫಲವೂ ಆ ಒಂಬತ್ತು ತಿಂಗಳ ಕಿಲೋಗಳ ಪಾತ್ರ ಸಣ್ಣದೆಂದೇ ಸೂಚಿಸುತ್ತದೆ. ಆಸ್ಟ್ರೇಲಿಯದಲ್ಲಿ, ಬ್ರಿಟನ್ನಿನಲ್ಲಿ ತೂಕ ಹೆಚ್ಚಿದ್ದ ಗರ್ಭಿಣಿಯರಿಗೆ ಸಲಹೆ, ತರಬೇತಿ ಎಲ್ಲ ಕೊಟ್ಟು ನೋಡಿದರು. ಊಟ ಸುಧಾರಿಸಿತು. ಗರ್ಭಾವಸ್ಥೆಯ ಮಧುಮೇಹವಾಗಲಿ, ದಿನ ತುಂಬುವ ಹೊತ್ತಿಗೆ ಇರಬೇಕಾದ್ದಕ್ಕಿಂತ ದೊಡ್ಡದಾದ ಕೂಸುಗಳಾಗಲಿ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ನಾಲ್ಕನೇ ತಿಂಗಳಲ್ಲಿ ಶುರುಮಾಡುವುದು ತಡವಾಯಿತು ಎಂದೇ ನನಗೆ ಅನಿಸುತ್ತದೆ.

ಮುಂಬೈ ಕೊಳೆಗೇರಿಯ ತಿಂಡಿ

ಮೊದಲೇ ಶುರುಮಾಡಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಿದ್ದು ಮುಂಬೈನ ಕೊಳೆಗೇರಿಗಳಲ್ಲಿ. 6,500ಕ್ಕೂ ಹೆಚ್ಚು ಹೆಂಗಸರನ್ನು ಗರ್ಭಿಣಿಯಾಗುವ ಮೊದಲೇ ಸೇರಿಸಿಕೊಂಡ ಆ ಯೋಜನೆಯ ಹೆಸರು ‘ಸರಸ್’. ಅರ್ಧ ಜನಕ್ಕೆ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ. ಇನ್ನರ್ಧಕ್ಕೆ ಆಲೂಗಡ್ಡೆ, ಈರುಳ್ಳಿಯಂಥವುಗಳ ತಿಂಡಿ. ಮಾತ್ರೆಯಿಲ್ಲ, ಪುಡಿಯಿಲ್ಲ, ಮಾರುಕಟ್ಟೆಯಲ್ಲಿ ಸಿಗುವ ಸಾಮಾನು ಅಷ್ಟೇ.

ಗರ್ಭ ನಿಲ್ಲುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಸೊಪ್ಪಿನ ತಿಂಡಿ ಶುರುಮಾಡಿದವರ ಕೂಸುಗಳ ತೂಕ ಸರಾಸರಿ 48 ಗ್ರಾಂ ಹೆಚ್ಚಿತು. ತೀರಾ ಸಣಕಲು ಹೆಂಗಸರಲ್ಲಿ ಆ ಲಾಭ ಕಾಣಲಿಲ್ಲ, ಅವರಿಗೆ ಇನ್ನೂ ಹೆಚ್ಚಿನದು ಬೇಕು. ಇನ್ನೊಂದು ಫಲಿತಾಂಶ ಅದಕ್ಕಿಂತ ಮುಖ್ಯವಾದದ್ದು. ಗರ್ಭಾವಸ್ಥೆಯ ಮಧುಮೇಹ ಆಲೂಗಡ್ಡೆ ಗುಂಪಿನಲ್ಲಿ ಶೇ 12.4, ಸೊಪ್ಪಿನ ಗುಂಪಿನಲ್ಲಿ ಶೇ 7.3. ಒಂದು ತಟ್ಟೆ ತಿಂಡಿಯಿಂದ ಇಷ್ಟು!

ಇಂಥ ಊಟ ನಮಗೆ ಹೊಸತಲ್ಲ. ರಾಗಿ, ಹುರುಳಿ, ಅವರೆ, ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಮೊಸರು ಎಲ್ಲ ನಮ್ಮ ಅಡುಗೆಮನೆಯವೇ. 2017ರಲ್ಲಿ ಶುರುವಾದ ‘ಮಾತೃಪೂರ್ಣ’ ಯೋಜನೆ ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ತಂದಿತು. ಬಡ ಮನೆಯ ನಲವತ್ತೊಂದು ಕಿಲೋದ ಹೆಣ್ಣಿಗೆ ಆ ಊಟ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ತೂಕ ಹೆಚ್ಚಿರುವವಳಿಗೆ ಬೇಕಾದದ್ದು ಉಪವಾಸವಲ್ಲ. ಗರ್ಭಿಣಿ ಪಥ್ಯ ಮಾಡಿ ತೂಕ ಇಳಿಸಲು ಹೋಗಬಾರದು. ಅವಳ ತಟ್ಟೆಯಲ್ಲಿ ಅನ್ನದ ರಾಶಿ ಇಳಿಯಬೇಕು, ಬೇಳೆ, ಸೊಪ್ಪು, ಮೊಟ್ಟೆ ಏರಬೇಕು. ಸಂಜೆ ಒಂದಿಷ್ಟು ನಡಿಗೆ ಬೇಕು.

‘ಇಬ್ಬರ ಊಟ’ದ ನಿಜವಾದ ಅಳತೆ ಎಷ್ಟು? ನಾಲ್ಕನೇ ತಿಂಗಳಿಂದ ದಿನಕ್ಕೆ ಹೆಚ್ಚುವರಿ 350 ಕ್ಯಾಲೊರಿ ಸಾಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ ಸೇರಿದರೆ ಅಷ್ಟಾಯಿತು. ತುಪ್ಪ ಸುರಿದ ಎರಡು ಹೋಳಿಗೆ ಆ ಗಡಿಯನ್ನು ಒಂದೇ ಊಟಕ್ಕೆ ದಾಟುತ್ತದೆ. ಸೀಮಂತದ ದಿನ, ಕುಬುಸದ ದಿನ ಹೋಳಿಗೆ ತಿನ್ನಲಿ, ಚಿಗಳಿ ತಿನ್ನಲಿ, ಬಯಕೆ ತೀರಲಿ. ಆ ಸಂಭ್ರಮಕ್ಕೆ ನಾನು ಅಡ್ಡ ಬರಲಾರೆ. ತೊಂದರೆಯಿರುವುದು ಬಯಕೆಯ ಹೆಸರಿನಲ್ಲಿ ದಿನವೂ ಬರುವ ಬೇಕರಿ ಪೊಟ್ಟಣದಲ್ಲಿ, ‘ಎದ್ದು ಓಡಾಡಬೇಡ, ಮಲಗಿರು’ ಎಂಬ ಅತಿ ಅಕ್ಕರೆಯಲ್ಲಿ.

---

ಏರಿದ ತೂಕ ಎಲ್ಲಿ ಹೋಗುತ್ತದೆ?

*ಒಟ್ಟು 12.5 ಕಿಲೋ ಏರಿದರೆ ಅದರ ಹಂಚಿಕೆ ಸುಮಾರು ಹೀಗೆ: ಕೂಸು 3.4 ಕಿಲೋ, ಮಾಸು 650 ಗ್ರಾಂ, ಗರ್ಭದ ನೀರು 800 ಗ್ರಾಂ, ಹಿಗ್ಗಿದ ಗರ್ಭಕೋಶ 1 ಕಿಲೋ, ಸ್ತನ 400 ಗ್ರಾಂ, ಹೆಚ್ಚಿದ ರಕ್ತ ಒಂದೂವರೆ ಕಿಲೋ, ಮೈಯಲ್ಲಿ ನಿಲ್ಲುವ ನೀರು ಒಂದೂವರೆ ಕಿಲೋ. ಉಳಿದ 3 ಕಿಲೋಗೂ ಮಿಕ್ಕಿದ್ದು ತಾಯಿಯ ಕೊಬ್ಬು. ಎದೆಹಾಲಿನ ತಯಾರಿಗೆ ದೇಹ ಕೂಡಿಟ್ಟುಕೊಳ್ಳುವ ಬುತ್ತಿ ಅದು.*

---

ಮೊದಲ ತೂಕವೇ ಮುಖ್ಯ

ಇಷ್ಟೆಲ್ಲ ಓದಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದೇ. ಬಸುರಿ ಎಷ್ಟು ಏರಬೇಕು ಎಂಬುದನ್ನು ನಿರ್ಧರಿಸುವುದು ಅವಳು ಎಲ್ಲಿಂದ ಹೊರಟಳು ಎಂಬುದು. ಆರಂಭದ ತೂಕ ಗೊತ್ತಿಲ್ಲದೆ ಏಳನೇ ತಿಂಗಳಲ್ಲಿ ನೋಡಿದ ತೂಕ ಏನನ್ನೂ ಹೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನೇ ಹೊರಗೆ ಬಿಡುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಮೊದಲ ಅಂಕಿ ಕಳೆದುಹೋಗಿರುತ್ತದೆ.

ಇನ್ನೊಂದು ಪರೀಕ್ಷೆಯನ್ನು ತಪ್ಪಿಸಲೇಬಾರದು. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಬಳಗ ಭಾರತಕ್ಕೆ ಹೊಂದುವಂತೆ ಸರಳ ಕ್ರಮವೊಂದನ್ನು ರೂಪಿಸಿದರು. ಊಟ ಮಾಡಿದ್ದರೂ ಸರಿ, ಮಾಡದಿದ್ದರೂ ಸರಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುವುದು. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹೆಣ್ಣು ಖಾಲಿ ಹೊಟ್ಟೆಯಲ್ಲಿ ಕಾಯಬೇಕಾಗಿಲ್ಲ. ಮೊದಲ ಭೇಟಿಯಲ್ಲೊಮ್ಮೆ, ಅದು ಸರಿಯಿದ್ದರೆ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ ಮಾಡಿಸಬೇಕು. ಶೇಷಯ್ಯ ಅವರ ಜನ್ಮದಿನವಾದ ಮಾರ್ಚ್ 10 ನಮ್ಮಲ್ಲಿ ಗರ್ಭಾವಸ್ಥೆಯ ಮಧುಮೇಹ ಜಾಗೃತಿಯ ದಿನ.

ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಿಗೆ ಬರುವ ಗರ್ಭಿಣಿಯರನ್ನು, ಅವರ ಮಕ್ಕಳನ್ನು ಹಿಂಬಾಲಿಸುವ ‘ಮಾಸ್ತಿ’ ಎಂಬ ಅಧ್ಯಯನವನ್ನು ಡಾ. ಗಿರಿಧರ ಬಾಬು ಮತ್ತು ತಂಡ 2016ರಲ್ಲಿ ಶುರುಮಾಡಿತು. ತಾಯಿಯ ಸಕ್ಕರೆಗೂ ಮಗುವಿನ ಕೊಬ್ಬಿಗೂ ಇರುವ ನಂಟೇ ಅದರ ವಿಷಯ. ಮೈಸೂರಿನ ಪಾರ್ಥೆನಾನ್ ಮಕ್ಕಳು ಈಗ ಇಪ್ಪತ್ತರ ಕೊನೆಗೆ ಬಂದಿದ್ದಾರೆ. ಮದುವೆ, ಮಕ್ಕಳ ವಯಸ್ಸು. ಅವರ ಮೈಯಲ್ಲಿರುವ ಲೆಕ್ಕ ಮುಂದಿನ ತಲೆಮಾರಿಗೆ ಸಾಗುವ ಹೊತ್ತಿದು.

ಆದ್ದರಿಂದ ಈ ಮಾತು ಬಸುರಿಯರಿಗಿಂತ ಮೊದಲು ಅವರ ಮನೆಯವರಿಗೆ. ಮನೆಯಲ್ಲಿ ಹೊಸದಾಗಿ ಮದುವೆಯಾದ ಮಗಳಿದ್ದರೆ, ಸೊಸೆಯಿದ್ದರೆ, ‘ಏನಾದ್ರೂ ವಿಶೇಷ ಇದೆಯಾ’ ಎಂದು ಕೇಳುವ ಮೊದಲು ಅವಳ ತಟ್ಟೆ ನೋಡಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ. ಅವಳ ಎತ್ತರ, ತೂಕ, ರಕ್ತದ ಸಕ್ಕರೆ ಮೂರನ್ನೂ ಮಗುವಿನ ಯೋಚನೆ ಮಾಡುವ ಮೊದಲೇ ಒಮ್ಮೆ ನೋಡಿಸಿ, ಬರೆದಿಟ್ಟುಕೊಳ್ಳಿ. ಗಂಡನೂ ಜೊತೆಗೆ ಹೋಗಲಿ, ಅವನ ಸಕ್ಕರೆಯನ್ನೂ ನೋಡಿಸಲಿ. ಬಸುರು ನಿಂತದ್ದು ಗೊತ್ತಾದ ವಾರವೇ ತಾಯಿ ಕಾರ್ಡು ಮಾಡಿಸಿ.